ನಿಮ್ಮೂರಿನ ರೈಲ್ವೆ ಲೈನಿನ ಇತಿಹಾಸ ನೀವೇ ಬರೆಯೋದು ಹೇಗೆ: ಯಲಹಂಕ–ಚಿಕ್ಕಬಳ್ಳಾಪುರ–ಕೋಲಾರ ಲೈನ್ ಇಟ್ಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಹಳೇ ಮೈಸೂರು ಸೀಮೆಯ ಯಾವುದೇ ಊರಿಗೆ ಹೋಗಿ ಅಲ್ಲಿನ ಹಳೇ ಹೆಂಚಿನ ರೈಲ್ವೆ ಸ್ಟೇಷನ್ ತೋರಿಸಿ ಇದ್ಯಾರು ಕಟ್ಟಿದ್ದು ಅಂತ ಕೇಳಿ, ಮುಕ್ಕಾಲುಪಾಲು ಜನ ಹೇಳೋದು ಒಂದೇ ಉತ್ತರ, ಬ್ರಿಟಿಷರು ಕಟ್ಟಿದ್ದು ಅಂತ. ಅದು ಒಂದೊಂದು ಕಡೆ ನಿಜ, ಬಹಳ ಕಡೆ ಅರ್ಧ ನಿಜ. ಬೆಂಗಳೂರು ಕಂಟೋನ್ಮೆಂಟಿಂದ ಜೋಲಾರಪೇಟೆಗೆ ಹೋಗೋ ಲೈನು 1864ರದ್ದು, ಅದನ್ನ ಹಾಕಿದ್ದು ಮದ್ರಾಸ್ ರೈಲ್ವೆ ಕಂಪನಿ, ಆಗ ಮೈಸೂರು ಸಂಸ್ಥಾನನೇ ಬ್ರಿಟಿಷ್ ಕಮಿಷನರ್ ಕೈಲಿತ್ತು, ಸರಿ, ಅದನ್ನ ಬ್ರಿಟಿಷರ ಲೈನ್ ಅನ್ನಬಹುದು. ಆದ್ರೆ ಬೆಂಗಳೂರು–ಮೈಸೂರು ಲೈನ್ ಶುರುವಾಗಿದ್ದು 1876–78ರ ಘೋರ ಬರಗಾಲದ ಟೈಮಲ್ಲಿ, ಹೊಟ್ಟೆಗಿಲ್ಲದ ಜನಕ್ಕೆ ಮಣ್ಣು ಹೊರೋ ಕೆಲಸ ಕೊಟ್ಟು ಹಳಿಗೆ ಏರಿ ಹಾಕಿಸಿದ್ದು, 1882ಕ್ಕೆ ಮೈಸೂರು ಮುಟ್ಟಿತು, ದುಡ್ಡು ಮೈಸೂರು ಸರ್ಕಾರದ್ದು. ಬಂಗಾರಪೇಟೆ–ಕೋಲಾರ ನ್ಯಾರೋ ಗೇಜ್ (ಗೇಜ್ ಅಂದ್ರೆ ಎರಡು ಹಳಿ ಮಧ್ಯದ ಅಂತರ, ನ್ಯಾರೋ ಅಂದ್ರೆ ಕಿರಿದು) 1913, ಯಶವಂತಪುರ–ಯಲಹಂಕ–ದೇವನಹಳ್ಳಿ–ಚಿಕ್ಕಬಳ್ಳಾಪುರ ನ್ಯಾರೋ ಗೇಜ್ 1915, ಆಗ ಗಾದಿ ಮೇಲೆ ಇದ್ದಿದ್ದು ನಾಲ್ವಡಿಯವರು, ದಿವಾನರಾಗಿ ಇದ್ದಿದ್ದು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯವರೇ ಆದ ವಿಶ್ವೇಶ್ವರಯ್ಯನವರು.

ಅಂದ್ರೆ ಒಂದೇ ಬೆಂಗಳೂರಿನ ಸುತ್ತ ಮೂರು ಥರದ ಲೈನು, ಮೂರು ಥರದ ದುಡ್ಡು, ಮೂರು ಥರದ ಕಾರಣ. ನಿಮ್ಮೂರ ಲೈನ್ ಇದ್ರಲ್ಲಿ ಯಾವ ಥರದ್ದು, ಯಾರ ಜಮೀನು ಹೋಯ್ತು, ಊರಿಗೆ ಏನು ಬಂತು, ಇದನ್ನ ಹೊರಗಿನವರು ಬಂದು ಬರೆದುಕೊಡಲ್ಲ. ನಾನು ಉದಾಹರಣೆಗೆ ಯಲಹಂಕ–ಕೋಲಾರ ಲೈನ್ ಹಿಡ್ಕೊಂಡಿದೀನಿ, ಯಾಕಂದ್ರೆ ಅದರ ಒಂದು ತುದಿ ಈಗ ಸಿಟಿಯೊಳಗೇ ಬಂದುಬಿಟ್ಟಿದೆ, ಮಧ್ಯ ಪೂರ್ತಿ ರೈತಾಪಿ ಊರುಗಳು. ನಿಮ್ಮದು ತಾಳಗುಪ್ಪ ಲೈನೋ, ಚಾಮರಾಜನಗರ ಲೈನೋ ಆಗಿರಲಿ, ದಾರಿ ಇದೇ.

ಹೆಜ್ಜೆ 1: ಇಡೀ ಲೈನ್ ತಲೆ ಮೇಲೆ ಹಾಕ್ಕೋಬೇಡಿ

ಎರಡು ಸ್ಟೇಷನ್ ಸಾಕು, ಅವೆರಡರ ಮಧ್ಯೆ ಬರೋ ಹಳ್ಳಿಗಳು. ದೇವನಹಳ್ಳಿಯಿಂದ ಆವತಿಹಳ್ಳಿ, ಅಥವಾ ನಂದಿ ಹಾಲ್ಟಿಂದ ಚಿಕ್ಕಬಳ್ಳಾಪುರ, ಅಷ್ಟೇ. ಪೂರ್ತಿ ಲೈನ್ ಹಿಡಿದೋರು ಸಾಮಾನ್ಯವಾಗಿ ಬರೆಯೋದು ಇಂಥ ವರ್ಷ ಓಪನ್ ಆಯ್ತು, ಇಂಥ ವರ್ಷ ಬ್ರಾಡ್ ಗೇಜ್ ಆಯ್ತು, ಇಷ್ಟು ಕಿಲೋಮೀಟರ್ ಅಂತ, ಅದು ಈಗಾಗಲೇ ಹತ್ತು ಕಡೆ ಇದೆ. ಎರಡೇ ಸ್ಟೇಷನ್ ಹಿಡಿದ್ರೆ ಪ್ರತಿ ಮೋರಿ, ಪ್ರತಿ ಗೇಟು, ಕೆರೆ ಅಚ್ಚುಕಟ್ಟನ್ನ ಸೀಳ್ಕೊಂಡು ಹೋದ ಏರಿ, ಎಲ್ಲಾ ನೋಡೋಕಾಗತ್ತೆ.

ಒಂದು ನೋಟ್‌ಬುಕ್ ತಗೊಳ್ಳಿ, ಅದರಲ್ಲಿ ಮೊದಲ ಪುಟದಲ್ಲೇ ನಿಮ್ಮ ಪ್ರಶ್ನೆ ಬರೆದಿಡಿ. ‘ಸ್ಟೇಷನ್ ಇತಿಹಾಸ’ ಅನ್ನೋದು ಪ್ರಶ್ನೆ ಅಲ್ಲ. ‘ಸ್ಟೇಷನ್ ಊರಿಂದ ಇಷ್ಟು ದೂರ ಯಾಕಿದೆ’, ‘ಈ ಲೈನ್ ಬಂದಮೇಲೆ ಸಂತೆ ಜಾಗ ಬದಲಾಯ್ತಾ’, ‘ನ್ಯಾರೋ ಗೇಜ್ ನಿಂತ ಮೇಲೆ ಬಂಗಾರಪೇಟೆಗೆ ಹೋಗ್ತಿದ್ದ ಸರಕು ಯಾವ ದಾರಿ ಹಿಡೀತು’, ಇವು ಪ್ರಶ್ನೆ.

ಹೆಜ್ಜೆ 2: ಹೆಸರು, ಜಿಲ್ಲೆ, ಗೇಜು, ಈ ಮೂರರ ಲೆಕ್ಕ ಮೊದಲು ಮಾಡ್ಕೊಳ್ಳಿ

ಇದನ್ನ ಮಾಡದೇ ಹುಡುಕೋಕೆ ಕೂತ್ರೆ ಏನೂ ಸಿಗಲ್ಲ, ಸಿಕ್ಕಿದ್ರೂ ನಿಮಗೆ ಗೊತ್ತಾಗಲ್ಲ.

ಹೆಸರು: ಹಳೇ ಕಾಗದದಲ್ಲಿ ಬಂಗಾರಪೇಟೆ ಇಲ್ಲ, ಬೌರಿಂಗ್‌ಪೇಟ್ ಇದೆ, 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರು ಅದು. ರಾಮನಗರ ಹುಡುಕೋರು ಕ್ಲೋಸ್‌ಪೇಟ್ ಅಂತ, ಪಾಂಡವಪುರ ಹುಡುಕೋರು ಫ್ರೆಂಚ್ ರಾಕ್ಸ್ ಅಂತ ಟೈಪ್ ಮಾಡಬೇಕು. ಚಿಕ್ಕಬಳ್ಳಾಪುರವನ್ನ ಇಂಗ್ಲಿಷಲ್ಲಿ ಎರಡು ಪದ ಮಾಡಿ ಬರೀತಿದ್ರು, ಒಂದೇ ಪದ ಮಾಡಿನೂ ಬರೀತಿದ್ರು, ಎರಡನ್ನೂ ಹಾಕಿ ನೋಡಿ. ಸಿಗೋ ಪ್ರತಿ ಸ್ಪೆಲ್ಲಿಂಗನ್ನೂ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಪಟ್ಟಿ ಮಾಡ್ತಾ ಹೋಗಿ.

ಜಿಲ್ಲೆ: ಈ ಲೈನ್ ಇವತ್ತು ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಹೀಗೆ ನಾಲ್ಕು ಜಿಲ್ಲೆ ದಾಟತ್ತೆ, ಆದ್ರೆ ಲೈನ್ ಹಾಕ್ದಾಗ ಇದ್ದಿದ್ದು ಬೆಂಗಳೂರು, ಕೋಲಾರ ಎರಡೇ. ಗ್ರಾಮಾಂತರ ಜಿಲ್ಲೆ ಆಗಿದ್ದು 1986ರಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆ 2007ರಲ್ಲಿ. ಹಾಗಾಗಿ ಶಿಡ್ಲಘಟ್ಟದ ಹಳೇ ರೆಕಾರ್ಡ್ ಬೇಕಂದ್ರೆ ಕೋಲಾರ ಅನ್ನೋ ಹೆಸರಿನ ಕೆಳಗೇ ಹುಡುಕಬೇಕು.

ಗೇಜು: ಬ್ರಾಡ್ ಅಂದ್ರೆ 1676 ಮಿಲಿಮೀಟರ್, ಮೀಟರ್ ಗೇಜ್ 1000, ಈ ಕೋಲಾರದ ನ್ಯಾರೋ ಗೇಜ್ 762, ಅಂದ್ರೆ ಎರಡೂವರೆ ಅಡಿ. ಇದು ಬರೀ ಟೆಕ್ನಿಕಲ್ ವಿಷ್ಯ ಅನ್ಕೋಬೇಡಿ, ಊರಿನ ಹಣೆಬರಹ ಇದರಲ್ಲೇ ಇದೆ. ಬಂಗಾರಪೇಟೆಯಲ್ಲಿ ಮದ್ರಾಸ್ ಲೈನ್ ಬ್ರಾಡ್ ಗೇಜ್, 1894ರ ಕೆಜಿಎಫ್ ಲೈನೂ ಬ್ರಾಡ್ ಗೇಜ್, ಕೋಲಾರದಿಂದ ಬರೋದು ನ್ಯಾರೋ. ಕೋಲಾರ ಕಡೆಯಿಂದ ಬಂದ ಪ್ರತಿ ಮೂಟೆನೂ ಅಲ್ಲಿ ಒಂದು ವ್ಯಾಗನ್ನಿಂದ ಇಳಿಸಿ ಇನ್ನೊಂದಕ್ಕೆ ಹತ್ತಿಸಬೇಕು, ಅಂದ್ಮೇಲೆ ಹಮಾಲಿಗಳು ಬೇಕು, ಗೋಡೌನ್ ಬೇಕು, ಮಂಡಿಯವರು ಬೇಕು, ಹೋಟ್ಲು ಬೇಕು. ನಿಮ್ಮೂರಲ್ಲಿ ಎರಡು ಗೇಜ್ ಸೇರ್ತಿದ್ವು ಅಂತಾದ್ರೆ ಈ ಜಾಡು ಹಿಡೀದೇ ಬಿಡಬೇಡಿ.

ಆಮೇಲೆ ಮಾಲೀಕರ ಸರಪಳಿ. ನಮ್ಮ ಉದಾಹರಣೆಯಲ್ಲಿ ಕಾಗದಗಳಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಅನ್ನೋ ಹೆಸರು ಬರತ್ತೆ, ಆಮೇಲೆ ಮೈಸೂರು ಸ್ಟೇಟ್ ರೈಲ್ವೆ, 1951ರ ಏಪ್ರಿಲ್ 14ರಿಂದ ದಕ್ಷಿಣ ರೈಲ್ವೆ, 2003ರ ಏಪ್ರಿಲ್ 1ರಿಂದ ಹುಬ್ಬಳ್ಳಿ ಹೆಡ್ ಆಫೀಸ್ ಇರೋ ನೈಋತ್ಯ ರೈಲ್ವೆ. ಪ್ರತಿ ಸಲ ಮಾಲೀಕರು ಬದಲಾದಾಗ ಫೈಲುಗಳು ಒಂದೂರಿಂದ ಇನ್ನೊಂದೂರಿಗೆ ಹೋಗಿವೆ, ಕೆಲವು ದಾರಿಯಲ್ಲೇ ಕಳೆದಿವೆ.

ಹೆಜ್ಜೆ 3: ಮನೇಲಿ ಕೂತು ಸಿಗೋದನ್ನ ಮೊದಲು ಮುಗಿಸಿ

ಮೊದಲು ಗ್ಯಾಸೆಟಿಯರ್, ಅಂದ್ರೆ ಸೀಮೆಯ ಊರು, ಜನ, ವ್ಯಾಪಾರದ ವಿವರ ಇರೋ ಗ್ರಂಥ. ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ 1877ರದ್ದು ಒಂದು, 1897ರ ಪರಿಷ್ಕೃತ ಆವೃತ್ತಿ ಒಂದು, ಆಮೇಲೆ 1927–30ರಲ್ಲಿ ಬಂದ ಹಯವದನ ರಾಯರದ್ದು. ಮೂರನ್ನೂ ಪಕ್ಕಪಕ್ಕ ಇಟ್ಕೊಂಡು ನಿಮ್ಮ ತಾಲ್ಲೂಕಿನ ಪುಟ ಓದಿ. ಚಿಕ್ಕಬಳ್ಳಾಪುರದ ವಿಷ್ಯದಲ್ಲಿ ರೈಸ್ ಕಾಲಕ್ಕೆ ರೈಲೇ ಇಲ್ಲ, ಹಯವದನ ರಾಯರ ಕಾಲಕ್ಕೆ ಬಂದಾಗಿದೆ, ಈ ಎರಡರ ಮಧ್ಯೆ ಸಂತೆ, ರಸ್ತೆ, ಜನಸಂಖ್ಯೆ, ಸರಕು ಏನೇನು ಬದಲಾಗಿದೆ ಅನ್ನೋದೇ ನಿಮ್ಮ ಮೊದಲ ಅಧ್ಯಾಯ. ಇವು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಫ್ರೀಯಾಗಿ ಇವೆ, ಆದ್ರೆ ಅಲ್ಲಿನ ಸ್ಕ್ಯಾನುಗಳಿಗೆ ಕೊಟ್ಟಿರೋ ಹೆಸರು, ವರ್ಷ ಎಷ್ಟೋ ಸಲ ತಪ್ಪಿರತ್ತೆ, ಒಳಗಿನ ಟೈಟಲ್ ಪುಟ ನೋಡ್ದೇ ವರ್ಷ ನಂಬಬೇಡಿ.

ಎರಡನೇದು ಮೈಸೂರು ಸರ್ಕಾರದ ವಾರ್ಷಿಕ ಆಡಳಿತ ವರದಿಗಳು. ಇದರಲ್ಲಿ ಪ್ರತಿ ವರ್ಷ ರೈಲ್ವೆಗೆ ಒಂದು ಭಾಗ ಇರತ್ತೆ, ಯಾವ ಲೈನ್ ಸರ್ವೆ ಆಯ್ತು, ಎಷ್ಟು ಮೈಲಿ ಮಣ್ಣಿನ ಕೆಲಸ ಮುಗೀತು, ಎಷ್ಟು ಖರ್ಚಾಯ್ತು. ಇಲ್ಲಿ ಒಂದು ಎಡವಟ್ಟು ಆಗೋ ಜಾಗ ಇದೆ, ಮೈಸೂರು ಸಂಸ್ಥಾನದ ಲೆಕ್ಕದ ವರ್ಷ ಜುಲೈಯಿಂದ ಜೂನ್‌ವರೆಗೆ. 1914–15ರ ವರದಿ ಅಂದ್ರೆ 1915ರ ಜೂನ್‌ಗೆ ಮುಗಿಯೋದು, ಆಗಸ್ಟಲ್ಲಿ ಆಗಿದ್ದು ಮುಂದಿನ ವರದಿಗೆ ಹೋಗತ್ತೆ. ಒಂದು ವರ್ಷ ಆಚೀಚೆ ಆಗಿರೋ ಎಷ್ಟೋ ತಾರೀಕುಗಳ ಗುಟ್ಟು ಇಷ್ಟೇ.

ಮೂರನೇದು ನನ್ನ ಪ್ರಕಾರ ಎಲ್ಲಕ್ಕಿಂತ ರುಚಿಯಾದ್ದು, ಆದ್ರೂ ರೈಲ್ವೆ ಅಭಿಮಾನಿಗಳು ಮುಟ್ಟದೇ ಇರೋದು: ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡಾವಳಿ. 1881ರಲ್ಲಿ ದಿವಾನ್ ರಂಗಾಚಾರ್ಲು ಶುರು ಮಾಡಿದ ಸಭೆ ಇದು, ತಾಲ್ಲೂಕುಗಳಿಂದ ಬಂದ ಪ್ರತಿನಿಧಿಗಳು ತಮ್ಮ ಊರಿನ ಬೇಡಿಕೆ, ದೂರು ಅಲ್ಲಿ ಇಡ್ತಿದ್ರು, ಸರ್ಕಾರದ ಉತ್ತರನೂ ಅಲ್ಲೇ ಪ್ರಿಂಟ್ ಆಗಿರತ್ತೆ. ನಿಮ್ಮ ತಾಲ್ಲೂಕಿನ ಹೆಸರು ಹಿಡ್ಕೊಂಡು ಲೈನ್ ಓಪನ್ ಆಗೋಕೆ ಹತ್ತು ವರ್ಷ ಮುಂಚೆಯಿಂದ, ಆದ್ಮೇಲೆ ಹತ್ತು ವರ್ಷದವರೆಗೆ ತಿರುವಿಹಾಕಿ. ಮುಂಚಿನ ವರ್ಷಗಳಲ್ಲಿ ಯಾರಿಗೆ ಲೈನ್ ಬೇಕಿತ್ತು ಅಂತ ನೋಡಿ, ಆಮೇಲಿನ ವರ್ಷಗಳಲ್ಲಿ ಗೇಟು, ಮೋರಿ, ಪರಿಹಾರ, ಟಿಕೆಟ್ ದರ ಇವುಗಳ ಮೇಲಿನ ದೂರು ಹುಡುಕಿ. ಊರವರ ದನಿ ಪ್ರಿಂಟಲ್ಲಿ ಸಿಗೋ ಜಾಗ ಆ ಕಾಲದಲ್ಲಿ ತುಂಬಾ ಕಡಿಮೆ.

ಓಪನಿಂಗ್ ತಾರೀಕಿಗೆ ರೈಲ್ವೆ ಬೋರ್ಡ್ ತರ್ತಿದ್ದ ‘ಹಿಸ್ಟರಿ ಆಫ್ ಇಂಡಿಯನ್ ರೈಲ್ವೇಸ್ ಕನ್‌ಸ್ಟ್ರಕ್ಟೆಡ್ ಅಂಡ್ ಇನ್ ಪ್ರೋಗ್ರೆಸ್’ ಅನ್ನೋ ಪ್ರಕಟಣೆ ನೋಡಿ, ಅದರಲ್ಲಿ ತುಂಡು ತುಂಡು ಸೆಕ್ಷನ್ನಿಗೂ ತಾರೀಕು, ಮೈಲಿ ಕೊಟ್ಟಿರ್ತಾರೆ. ಸ್ವಾತಂತ್ರ್ಯದ ನಂತರದ ಕಾಲಕ್ಕೆ ಜನಗಣತಿಯ ಡಿಸ್ಟ್ರಿಕ್ಟ್ ಸೆನ್ಸಸ್ ಹ್ಯಾಂಡ್‌ಬುಕ್, ಅದರಲ್ಲಿ ಹಳ್ಳಿಹಳ್ಳಿಯ ಸೌಲಭ್ಯದ ಪಟ್ಟಿ ಇರತ್ತೆ. ಹಳೇ ಕಾಗದದಲ್ಲಿ ದೂರ ಮೈಲಿ–ಚೈನ್ ಲೆಕ್ಕದಲ್ಲಿದ್ರೆ ಗಾಬರಿ ಬೇಡ, ಮೈಲಿಗೆ 80 ಚೈನ್, ಚೈನಿಗೆ 66 ಅಡಿ. ದುಡ್ಡು ರೂಪಾಯಿ–ಆಣೆ–ಪೈ, ರೂಪಾಯಿಗೆ 16 ಆಣೆ, ಆಣೆಗೆ 12 ಪೈ.

ಹೆಜ್ಜೆ 4: ಪತ್ರಾಗಾರ ಮತ್ತು ಆರ್‌ಟಿಐ

ಕರ್ನಾಟಕ ರಾಜ್ಯ ಪತ್ರಾಗಾರ ಬೆಂಗಳೂರಿನ ವಿಕಾಸಸೌಧದಲ್ಲಿದೆ. ಹೋಗೋ ಮೊದಲು ಫೋನ್ ಮಾಡಿ, ಐಡಿ ಮತ್ತೆ ಯಾಕೆ ಬೇಕು ಅನ್ನೋ ಒಂದು ಪತ್ರ ತಗೊಂಡು ಹೋಗಿ, ಕಾಲೇಜಿನದ್ದೋ ಪಂಚಾಯ್ತಿದೋ ಲೆಟರ್‌ಹೆಡ್ ಇದ್ರೆ ಕೆಲಸ ಸುಲಭ. ‘ರೈಲ್ವೆ ಫೈಲ್ ಕೊಡಿ’ ಅಂದ್ರೆ ಅವರೇನು ಕೊಡೋದು ಪಾಪ, ಅಷ್ಟಿದೆ. ಹೆಜ್ಜೆ 3ರಲ್ಲಿ ಸಿಕ್ಕಿದ ವರ್ಷ, ಹಳೇ ಹೆಸರು, ತಾಲ್ಲೂಕು ಇಟ್ಕೊಂಡು ಕೇಳಿ.

ಅಲ್ಲಿ ಬೇರೆ ಏನೂ ಸಿಗದಿದ್ರೂ ಮೈಸೂರು ಗೆಜೆಟ್‌ನ ಭೂಸ್ವಾಧೀನ ನೋಟಿಫಿಕೇಷನ್‌ಗಳನ್ನ ಹುಡುಕದೇ ಬರಬೇಡಿ. ಲೈನಿಗೆ ಜಮೀನು ತಗೊಂಡಾಗ ಹಳ್ಳಿ, ಸರ್ವೆ ನಂಬರು, ವಿಸ್ತೀರ್ಣ ಹಾಕಿ ಪ್ರಕಟ ಮಾಡ್ತಿದ್ರು. ಆ ಒಂದು ಪಟ್ಟಿ ಸಿಕ್ಕಿತು ಅಂದ್ರೆ ನಿಮ್ಮ ಬರಹದ ಬೆನ್ನುಮೂಳೆ ಸಿಕ್ಕ ಹಾಗೆ, ಯಾಕಂದ್ರೆ ಇವತ್ತಿನ ಪಹಣಿ, ಊರಿನ ಮನೆತನಗಳು, ಕೆರೆ ಕಾಲುವೆ ಎಲ್ಲಾ ಅದಕ್ಕೆ ಜೋಡಿಸಬಹುದು.

ರೈಲ್ವೆ ಇಲಾಖೆಯಿಂದ ಬೇಕಾಗಿದ್ದಕ್ಕೆ ಆರ್‌ಟಿಐ, ಅಂದ್ರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕೇಂದ್ರ ಸರ್ಕಾರದ ಆರ್‌ಟಿಐ ಪೋರ್ಟಲಲ್ಲೇ ಆಗತ್ತೆ, ಫೀಸು 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು, ಜೆರಾಕ್ಸಿಗೆ ಪುಟಕ್ಕೆ 2 ರೂಪಾಯಿ. ‘ನಮ್ಮ ಸ್ಟೇಷನ್ನಿನ ಇತಿಹಾಸ ತಿಳಿಸಿ’ ಅಂತ ಬರೆದ್ರೆ ಮಾಹಿತಿ ಲಭ್ಯವಿಲ್ಲ ಅನ್ನೋ ಒಂದು ಸಾಲು ಬರತ್ತೆ, ಅವರ ತಪ್ಪೂ ಅಲ್ಲ, ಆ ಕಾನೂನಲ್ಲಿ ಇರೋ ದಾಖಲೆ ಕೊಡೋದಷ್ಟೇ ಅವರ ಕೆಲಸ, ಹೊಸದಾಗಿ ಬರೆದುಕೊಡೋದಲ್ಲ. ಹಾಗಾಗಿ ದಾಖಲೆಯ ಹೆಸರು ಹಿಡಿದು ಕೇಳಿ: ಇಂಥ ಎರಡು ಸ್ಟೇಷನ್ ಮಧ್ಯದ ಬ್ರಿಡ್ಜ್ ರಿಜಿಸ್ಟರ್‌ನ ಪುಟಗಳು, ಇಂಥ ಕಿಲೋಮೀಟರಿಂದ ಇಂಥ ಕಿಲೋಮೀಟರ್‌ವರೆಗಿನ ಲ್ಯಾಂಡ್ ಪ್ಲಾನ್, ಗೇಜ್ ಕನ್ವರ್ಷನ್ (ನ್ಯಾರೋ ಲೈನನ್ನ ಬ್ರಾಡ್ ಮಾಡೋದು) ಆದಾಗಿನ ಕಂಪ್ಲೀಷನ್ ಡ್ರಾಯಿಂಗ್, ಅಂದ್ರೆ ಕೆಲಸ ಮುಗಿದಾಗಿನ ನಕ್ಷೆ. ಪುಟ ಜಾಸ್ತಿ ಅಂತ ಅನ್ನಿಸಿದ್ರೆ ‘ದಾಖಲೆ ಪರಿಶೀಲನೆಗೆ ಅವಕಾಶ ಕೊಡಿ’ ಅಂತ ಕೇಳಿ, ಮೊದಲ ಒಂದು ಗಂಟೆ ಫ್ರೀ, ಆಮೇಲೆ ಗಂಟೆಗೆ 5 ರೂಪಾಯಿ. ಎದುರಿಗೆ ಕೂತು ರಿಜಿಸ್ಟರ್ ತಿರುವಿದ್ರೆ ನೀವು ಕೇಳೋಕೆ ಹೊಳೆಯದೇ ಇದ್ದಿದ್ದೂ ಕಣ್ಣಿಗೆ ಬೀಳತ್ತೆ.

ಮೈಸೂರಿನ ರೈಲ್ವೆ ಮ್ಯೂಸಿಯಂ 1979ರದ್ದು, ಹುಬ್ಬಳ್ಳಿಯದ್ದು 2020ರದ್ದು, ಎರಡೂ ಒಂದ್ಸಲ ನೋಡ್ಕೊಂಡು ಬನ್ನಿ. ಟೋಕನ್ ಇನ್‌ಸ್ಟ್ರುಮೆಂಟ್ ಅಂದ್ರೆ ಏನು, ಹಳೇ ರಟ್ಟಿನ ಟಿಕೆಟ್ ಹೇಗಿರ್ತಿತ್ತು ಅಂತ ಕಣ್ಣಾರೆ ನೋಡಿದ್ರೆ ಹೆಜ್ಜೆ 7ರಲ್ಲಿ ಹಿರಿಯರು ಮಾತಾಡುವಾಗ ಅರ್ಥ ಆಗತ್ತೆ.

ಹೆಜ್ಜೆ 5: ನಕ್ಷೆ ಮೇಲೆ ನಕ್ಷೆ

ಬೇಕಾಗೋದು ಮೂರು. ಸರ್ವೆ ಆಫ್ ಇಂಡಿಯಾದ ಹಳೇ ಒಂದಿಂಚು–ಒಂದು ಮೈಲಿ ಶೀಟು, ಅವರದೇ ಈಗಿನ 1:50,000 ಶೀಟು, ಇದು ಆನ್‌ಲೈನಲ್ಲಿ ಸಿಗತ್ತೆ, ಮತ್ತೆ ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಗ್ರಾಮ ನಕ್ಷೆಯಲ್ಲಿ ರೈಲ್ವೆ ಜಾಗ ಉದ್ದಕ್ಕೆ ಪಟ್ಟಿ ಥರ ಹೊಲಗಳನ್ನ ಕತ್ತರಿಸ್ಕೊಂಡು ಹೋಗಿರೋದು ಕಾಣತ್ತೆ. ಒಂದೇ ಸರ್ವೆ ನಂಬರ್ ಹಳಿಯ ಆಚೆಗೂ ಈಚೆಗೂ ಇದೆ ಅಂದ್ರೆ ಆ ರೈತನ ಹೊಲ ಎರಡು ಭಾಗ ಆಯ್ತು ಅಂತ, ಆಚೆ ಹೊಲಕ್ಕೆ ಗಾಡಿ ಹೊಡ್ಕೊಂಡು ಹೋಗೋಕೆ ಗೇಟು ಎಲ್ಲಿತ್ತು ಅನ್ನೋದು ಮುಂದಿನ ಪ್ರಶ್ನೆ. ಫೋನಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊಂಡ್ರೆ ನಿಂತ ಜಾಗದ ಸರ್ವೆ ನಂಬರ್ ಅಲ್ಲೇ ಬರತ್ತೆ, ಹೊಲದ ಬದುವಿನಲ್ಲಿ ನಿಂತು ತಾಳೆ ನೋಡೋಕೆ ಇದಕ್ಕಿಂತ ಒಳ್ಳೇದು ಇಲ್ಲ.

ಗೂಗಲ್ ಅರ್ಥ್‌ನಲ್ಲಿ ಹಳೇ ಇಮೇಜ್ ತೋರಿಸೋ ಗಡಿಯಾರದ ಬಟನ್ ಒತ್ತಿ 2013ಕ್ಕಿಂತ ಹಿಂದಕ್ಕೆ ಹೋಗಿ. ಚಿಕ್ಕಬಳ್ಳಾಪುರ–ಕೋಲಾರ ಮಧ್ಯೆ ಬ್ರಾಡ್ ಗೇಜ್ ರೈಲು ಓಡೋಕೆ ಶುರುವಾಗಿದ್ದು 2013ರ ನವೆಂಬರ್ 8ಕ್ಕೆ, ಅದಕ್ಕೆ ಮುಂಚಿನ ಚಿತ್ರಗಳಲ್ಲಿ ಕೆಲಸ ನಡೀತಿರೋದು ಕಾಣಬಹುದು. ನ್ಯಾರೋ ಗೇಜ್ ಬಿಗಿ ತಿರುವು ತಗೊಳ್ಳತ್ತೆ, ಬ್ರಾಡ್ ಗೇಜಿಗೆ ಅದು ಆಗಲ್ಲ, ಹಾಗಾಗಿ ಕನ್ವರ್ಷನ್ ಆದ ಯಾವ ಲೈನಲ್ಲೇ ಆಗಲಿ ತಿರುವುಗಳ ಹತ್ರ ಜೂಮ್ ಮಾಡಿ, ಹಳೇ ಏರಿ ಪಕ್ಕದಲ್ಲೇ ಬಿಟ್ಟುಹೋಗಿರೋ ಚಾನ್ಸ್ ಅಲ್ಲೇ ಜಾಸ್ತಿ. ಈಗ ಅದು ಬಂಡಿದಾರಿಯೋ, ತೋಟದ ಬೇಲಿಯೋ ಆಗಿರತ್ತೆ.

ಹೆಜ್ಜೆ 6: ಜಾಗಕ್ಕೆ ಹೋಗಿ, ಆದ್ರೆ ಹಳಿ ಮೇಲೆ ನಡೀಬೇಡಿ

ಇದು ಮೊದಲೇ ಹೇಳ್ಬಿಡ್ತೀನಿ. ಹಳಿ ಮೇಲೆ, ಸೇತುವೆ ಮೇಲೆ ನಡೆಯೋದು 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು, ಇಲ್ಲಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಕಾನೂನು ಬಿಡಿ, ಈ ಲೈನ್ ಈಗ ಕರೆಂಟ್ ಲೈನು, ಡೀಸೆಲ್ ಇಂಜಿನ್ ಥರ ದೂರದಿಂದ ಸದ್ದು ಕೇಳಲ್ಲ. ನೋಡಬೇಕಾಗಿದ್ದೆಲ್ಲಾ ಪ್ಲಾಟ್‌ಫಾರ್ಮ್, ಗೇಟು, ಅಂಡರ್‌ಪಾಸ್, ಪಕ್ಕದ ಹೊಲದ ದಾರಿ ಇಲ್ಲಿಂದಲೇ ಕಾಣತ್ತೆ. ಸ್ಟೇಷನ್ನಲ್ಲಿ ಫೋಟೋ ತೆಗೆಯೋ ಮುಂಚೆ ಸ್ಟೇಷನ್ ಮಾಸ್ಟ್ರನ್ನ ಮಾತಾಡ್ಸಿ, ಏನು ಮಾಡ್ತಿದೀನಿ ಅಂತ ಹೇಳಿ.

ಏನು ನೋಡಬೇಕು? ಸ್ಟೇಷನ್ ಕಟ್ಟಡದಿಂದ ಶುರು ಮಾಡಿ. ಕಲ್ಲೋ ಇಟ್ಟಿಗೆಯೋ, ಮಾಡು ಹೆಂಚೋ ತಾರಸಿಯೋ, ಯಾವ ಕಡೆ ಆಮೇಲೆ ಸೇರಿಸಿದ ಕೋಣೆ. ಮಂಗಳೂರು ಹೆಂಚಿದ್ರೆ ಒಳಮೈಯಲ್ಲಿ ಕಾರ್ಖಾನೆ ಹೆಸರು ಒತ್ತಿರ್ತಾರೆ. ಬೇಲಿಗೆ ನೆಟ್ಟ ಹಳೇ ರೈಲು ಕಂಬಿ ತುಂಡು ನೋಡಿ, ಪಕ್ಕದಲ್ಲಿ ಉಬ್ಬಕ್ಷರದಲ್ಲಿ ತಯಾರಿಸಿದ ಕಂಪನಿ, ವರ್ಷ, ತೂಕದ ನಂಬರು ಇರತ್ತೆ, ಸುಣ್ಣನೋ ಪೇಂಟೋ ಬಳಿದಿದ್ರೆ ಕೈ ಬೆರಳಲ್ಲಿ ತಡವಿ ಓದಬೇಕು, ಇಲ್ಲಾ ಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದ್ರೆ ಅಕ್ಷರ ಮೂಡತ್ತೆ. ಆದ್ರೆ ಒಂದು ಎಚ್ಚರಿಕೆ: ಕಂಬಿ ಮೇಲೆ 1890 ಅಂತಿದ್ರೆ ನಿಮ್ಮ ಲೈನ್ 1890ರದ್ದು ಅಂತಲ್ಲ. ಕಂಬಿ, ಹೆಂಚು ಎರಡನ್ನೂ ಒಂದು ಕಡೆ ಬಿಚ್ಚಿ ಇನ್ನೊಂದು ಕಡೆ ಹಾಕೋದು ರೈಲ್ವೆಯಲ್ಲಿ ಮಾಮೂಲು. ಆ ವರ್ಷಕ್ಕಿಂತ ಮುಂಚೆ ಆ ಬೇಲಿ ಇರಲಿಲ್ಲ ಅಂತ ಮಾತ್ರ ಹೇಳಬಹುದು.

ಆಮೇಲೆ ಮೋರಿ, ಸೇತುವೆ. ಪ್ರತಿಯೊಂದಕ್ಕೂ ನಂಬರ್ ಬರೆದಿರ್ತಾರೆ, ಅದನ್ನ ಬರ್ಕೊಂಡು ಬ್ರಿಡ್ಜ್ ರಿಜಿಸ್ಟರ್‌ಗೆ ತಾಳೆ ಹಾಕಿ. ಮೋರಿಯ ಕೆಳಗಡೆ ಕಲ್ಲು ಕಟ್ಟಡ ಹಳೇದು, ಮೇಲೆ ಕಾಂಕ್ರೀಟ್ ಹೊಸದು ಅಂತಿದ್ರೆ ಗೇಜ್ ಕನ್ವರ್ಷನಲ್ಲಿ ಹಳೇ ಕಟ್ಟಡಕ್ಕೇ ಅಗಲ ಮಾಡಿರೋ ಸಾಧ್ಯತೆ ಇದೆ. ಏರಿಯ ಪಕ್ಕ ಉದ್ದುದ್ದಕ್ಕೆ ಗುಂಡಿ ಕಂಡ್ರೆ ಏರಿಗೆ ಮಣ್ಣು ಅಲ್ಲಿಂದಲೇ ತೆಗೆದಿದ್ದು. ಕೋಲಾರ, ಚಿಕ್ಕಬಳ್ಳಾಪುರ ಕೆರೆಗಳ ಸೀಮೆ, ಒಂದು ಕೆರೆ ಕೋಡಿ ಬಿದ್ರೆ ನೀರು ಮುಂದಿನ ಕೆರೆಗೆ ಹೋಗೋ ಸರಣಿ ಅದು. ಆ ನೀರಿನ ದಾರಿಗೆ ಅಡ್ಡ ಏರಿ ಬಂದಾಗ ಮೋರಿ ಎಷ್ಟು ಅಗಲ ಇಟ್ರು, ಯಾವ ಕೆರೆಗೆ ನೀರು ಕಮ್ಮಿ ಆಯ್ತು, ಯಾವ ಹೊಲದಲ್ಲಿ ನೀರು ನಿಲ್ಲೋಕೆ ಶುರುವಾಯ್ತು ಅನ್ನೋದನ್ನ ಊರಿನ ನೀರುಗಂಟಿ ಮನೆತನದವರು ಇಂಜಿನಿಯರಿಗಿಂತ ಚೆನ್ನಾಗಿ ಹೇಳ್ತಾರೆ. ಬರೀ ಸ್ಟೇಷನ್ ಫೋಟೋ ಹೊಡ್ಕೊಂಡು ಬರೋರಿಗೆ ಈ ಕಥೆ ಸಿಗೋದೇ ಇಲ್ಲ.

ಯಲಹಂಕ–ಚಿಕ್ಕಬಳ್ಳಾಪುರ ಭಾಗದವರಿಗೆ ಒಂದು ಮಾತು: ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಈ ಹಳೇ ಕಟ್ಟಡಗಳನ್ನ ಉಳಿಸೋ ಕೆಲಸಕ್ಕೆ ಪರಂಪರೆ ಉಳಿಸೋ ಸಂಸ್ಥೆಯಾದ ಇಂಟ್ಯಾಕ್‌ನ ಬೆಂಗಳೂರು ಶಾಖೆ ರೈಲ್ವೆ ಜೊತೆ ಸೇರಿ ಕೈ ಹಾಕಿದೆ, ಒಳ್ಳೇದೇ. ಆದ್ರೆ ಸುತ್ತಮುತ್ತ ಬದಲಾಗೋ ಸ್ಪೀಡ್ ಬೇರೆ. 2021ರ ಜನವರಿಯಲ್ಲಿ ಏರ್‌ಪೋರ್ಟ್ ಹಾಲ್ಟ್ ಶುರುವಾಯ್ತು, ಸಬರ್ಬನ್ ರೈಲು ಯೋಜನೆಯ ಸಂಪಿಗೆ ಮಾರ್ಗ ಸಿಟಿಯಿಂದ ಯಲಹಂಕ ಮೇಲೆ ದೇವನಹಳ್ಳಿಗೆ ಸುಮಾರು 41 ಕಿಲೋಮೀಟರ್ ಬರಬೇಕು ಅಂತ ಪ್ಲಾನಲ್ಲಿದೆ. ಕಟ್ಟಡ ಉಳಿದ್ರೂ ಗ್ಯಾಂಗ್ ಹಟ್ಟು (ಹಳಿ ನೋಡ್ಕೊಳ್ಳೋ ಕೆಲಸಗಾರರ ಗುಡಿಸಲು), ಕ್ವಾರ್ಟರ್ಸು, ಬಾವಿ, ಗೂಡ್ಸ್ ಶೆಡ್ಡು, ಸ್ಟೇಷನ್ ಮುಂದಿನ ಆಲದ ಮರ ಇವನ್ನ ಕೇಳೋರಿಲ್ಲ. ಹಾಗಾಗಿ ಫೋಟೋಗೆ ಇವುಗಳಿಂದಲೇ ಶುರು ಮಾಡಿ.

ಹೆಜ್ಜೆ 7: ಜನರ ಜೊತೆ ಕೂತು ಮಾತಾಡೋದು

ಎಲ್ಲಕ್ಕಿಂತ ಟೈಮ್ ಹಿಡಿಯೋದು ಇದು, ಮುಂದೂಡೋಕೆ ಆಗದೇ ಇರೋದೂ ಇದೇ. ನ್ಯಾರೋ ಗೇಜಲ್ಲಿ ಕೆಲಸ ಮಾಡಿದ ಗ್ಯಾಂಗ್‌ಮನ್, ಕೀಮನ್, ಗೇಟ್‌ಮ್ಯಾನ್, ಪಾಯಿಂಟ್ಸ್‌ಮನ್ ಎಲ್ಲಾ ಈಗ ವಯಸ್ಸಾದವರು. ಕಾಗದ ಇನ್ನೈದು ವರ್ಷ ಬಿಟ್ಟು ನೋಡಬಹುದು, ಇವರನ್ನ ಮೊದಲು ನೋಡಿ.

ರೈಲ್ವೆಯವರನ್ನ ಮಾತ್ರ ಕೇಳಬೇಡಿ. ಶಿಡ್ಲಘಟ್ಟದಲ್ಲಾದ್ರೆ ರೇಷ್ಮೆ ಗೂಡು ಸಾಗಿಸ್ತಿದ್ದವರು, ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯವರು, ಚಿಂತಾಮಣಿಯಲ್ಲಿ ಹಳೇ ವರ್ತಕರು, ನಂದಿ ಹಾಲ್ಟಲ್ಲಿ ಬೆಟ್ಟಕ್ಕೆ, ಭೋಗನಂದೀಶ್ವರನ ಜಾತ್ರೆಗೆ ಬರೋರಿಗೆ ಕಡಲೇಕಾಯಿ ಮಾರಿದೋರು, ಬಂಗಾರಪೇಟೆ ಮೇಲೆ ಕೆಜಿಎಫ್ ಕೆಲಸಕ್ಕೆ ಓಡಾಡ್ತಿದ್ದವರ ಮನೆಯವರು. ಮುಖ್ಯವಾಗಿ ಹೆಂಗಸರು. ಗಂಡಸರನ್ನ ಕೇಳಿದ್ರೆ ಇಂಜಿನ್ ಬಗ್ಗೆ ಹೇಳ್ತಾರೆ, ಅಜ್ಜಿಯರನ್ನ ಕೇಳಿದ್ರೆ ಯಾವ ರೈಲಲ್ಲಿ ತವರಿಗೆ ಹೋಗ್ತಿದ್ರು, ಹೆರಿಗೆ ನೋವು ಬಂದಾಗ ಯಾವ ಊರಿನ ಆಸ್ಪತ್ರೆಗೆ ಹೋಗೋಕಾಯ್ತು, ಸ್ಟೇಷನ್ ಬಾವಿಯಿಂದ ಯಾರಿಗೆ ನೀರು ಬಿಡ್ತಿದ್ರು ಯಾರಿಗೆ ಬಿಡ್ತಿರಲಿಲ್ಲ, ಇದು ಬರತ್ತೆ.

ಭಾಷೆ: ಈ ಕಡೆ ಮನೆಮಾತು ತೆಲುಗು ಇರೋರು ಬಹಳ, ಬಂಗಾರಪೇಟೆ, ಕೆಜಿಎಫ್ ಕಡೆ ತಮಿಳೂ ಇದೆ. ನಿಮ್ಮ ಜೊತೆ ಮರ್ಯಾದೆಗೆ ಕನ್ನಡದಲ್ಲಿ ಎರಡು ಮಾತಾಡಿ ಸುಮ್ಮನಾಗ್ತಾರೆ, ‘ತಾತ, ನಿಮಗೆ ಯಾವ್ದು ಸಲೀಸೋ ಅದ್ರಲ್ಲೇ ಹೇಳಿ’ ಅನ್ನಿ, ಗೊತ್ತಿರೋರನ್ನ ಜೊತೆಗೆ ಕರ್ಕೊಂಡು ಹೋಗಿ, ರೆಕಾರ್ಡಿಂಗ್ ಆ ಭಾಷೆಯಲ್ಲೇ ಇರಲಿ.

ಪ್ರಶ್ನೆ ಹೇಗೆ ಕೇಳೋದು? ‘ಈ ಲೈನ್ ಬಗ್ಗೆ ಹೇಳಿ’ ಅಂದ್ರೆ ಅವರೂ ‘ಬ್ರಿಟಿಷರ ಕಾಲದ್ದಪ್ಪಾ’ ಅಂದು ಮುಗಿಸ್ತಾರೆ. ‘ಅಜ್ಜಿ, ನಿಮ್ಮ ಮದುವೆಗೆ ಗಂಡಿನ ಕಡೆಯವರು ರೈಲಲ್ಲಿ ಬಂದ್ರಾ ಗಾಡೀಲಿ ಬಂದ್ರಾ?’, ‘ಯಜಮಾನ್ರೇ, ಬೆಳಗಿನ ಗಾಡಿ ತಪ್ಪಿದ್ರೆ ಏನ್ ಮಾಡ್ತಿದ್ರಿ?’, ‘ಗೇಟ್ ಹಾಕಿದ್ರೆ ಹೊಲಕ್ಕೆ ಹೋಗೋಕೆ ಎಷ್ಟೊತ್ತು ಕಾಯಬೇಕಿತ್ತು?’ ಇಂಥವು ಕೇಳಿ. ವರ್ಷ ಕೇಳಿದ್ರೆ ಯಾರಿಗೂ ನೆನಪಿರಲ್ಲ, ಘಟನೆ ಹಿಡ್ಕೊಳ್ಳಿ. 1974ರ ಮೇ ತಿಂಗಳ ರೈಲ್ವೆ ಮುಷ್ಕರ ನೌಕರರ ಮನೆಯಲ್ಲಿ ಮರೆಯೋ ವಿಷ್ಯ ಅಲ್ಲ. ಎಮರ್ಜೆನ್ಸಿ, ಇಂದಿರಾಗಾಂಧಿ ತೀರಿಕೊಂಡ 1984, ರಾಜ್‌ಕುಮಾರ್ ಕಿಡ್ನಾಪ್ ಆದ 2000ದ ಜುಲೈ, ಕೆಜಿಎಫ್ ಗಣಿ ಮುಚ್ಚಿದ 2001ರ ಫೆಬ್ರವರಿ, ‘ಆಗ ರೈಲು ಓಡ್ತಿತ್ತಾ ನಿಂತಿತ್ತಾ’ ಅಂತ ಕೇಳಿದ್ರೆ ಟಕ್ ಅಂತ ಉತ್ತರ ಬರತ್ತೆ.

ಗ್ಯಾಂಗ್ ಕೆಲಸಕ್ಕೆ ಯಾವ ಕೇರಿಯವರು ಹೋದ್ರು, ಸರ್ಕಾರಿ ಸಂಬಳ ಸಿಕ್ಕಿದ ಮೇಲೆ ಆ ಮನೆಗಳಲ್ಲಿ ಏನು ಬದಲಾಯ್ತು ಅನ್ನೋದು ಈ ಇತಿಹಾಸದ ದೊಡ್ಡ ಭಾಗ, ಅದನ್ನ ಮುಜುಗರ ಅಂತ ಬಿಟ್ಟುಬಿಡಬಾರದು, ಹಾಗಂತ ಊರ ಕಟ್ಟೆ ಮೇಲೆ ಎಲ್ಲರ ಮುಂದೆ ಕೇಳೋದೂ ಅಲ್ಲ. ಅವರ ಮನೇಲಿ, ಅವರಿಗೆ ಇಷ್ಟ ಇದ್ರೆ. ಹಳಿ ಮೇಲೆ ಆದ ಸಾವುಗಳ ವಿಷ್ಯ ತಾವಾಗಿ ಹೇಳಿದ್ರೆ ಕೇಳಿಸ್ಕೊಳ್ಳಿ, ಹೆಸರು ಬರೀಬೇಡಿ. ರೆಕಾರ್ಡ್ ಮಾಡೋ ಮುಂಚೆ ಒಪ್ಪಿಗೆ ಕೇಳಿ, ಆ ಒಪ್ಪಿಗೆ ಮಾತೇ ರೆಕಾರ್ಡಿಂಗ್‌ನ ಮೊದಲ ಸಾಲಾಗಿರಲಿ. ಹಳೇ ಫೋಟೋ, ಪಾಸು, ಟಿಕೆಟ್ ತೋರಿಸಿದ್ರೆ ಅಲ್ಲೇ ಕಿಟಕಿ ಬೆಳಕಲ್ಲಿ ಫೋನಲ್ಲಿ ತೆಗೆದು ಅಲ್ಲೇ ವಾಪಸ್ ಕೊಡಿ, ‘ಸ್ಕ್ಯಾನ್ ಮಾಡಿ ತಂದ್ಕೊಡ್ತೀನಿ’ ಅಂತ ಒಯ್ಯಬೇಡಿ.

ಹೆಜ್ಜೆ 8: ತಾಳೆ ನೋಡೋದು

ಈಗ ನಿಮ್ಮ ಹತ್ರ ಒಂದೇ ವಿಷ್ಯಕ್ಕೆ ನಾಲ್ಕು ಉತ್ತರ ಇರತ್ತೆ. ಗಾಬರಿ ಆಗಬೇಡಿ. ಲೈನಿಗೆ ಮಂಜೂರಾತಿ ಸಿಕ್ಕ ದಿನ ಬೇರೆ, ಗೂಡ್ಸ್ ಓಡಿದ ದಿನ ಬೇರೆ, ಜನರನ್ನ ಹತ್ತಿಸ್ಕೊಂಡ ದಿನ ಬೇರೆ, ಇನ್ನೊಂದು ಆಡಳಿತದ ಕೈಗೆ ಹೋದ ದಿನ ಬೇರೆ. ಪ್ರತಿ ತಾರೀಕಿನ ಪಕ್ಕ ಇದು ಇದರಲ್ಲಿ ಯಾವುದು, ಎಲ್ಲಿ ಸಿಕ್ಕಿದ್ದು ಅಂತ ಬರೀರಿ, ಅರ್ಧ ಜಗಳ ಅಲ್ಲೇ ಮುಗಿಯತ್ತೆ.

ಯಾರು ಕಟ್ಟಿದ್ದು ಅನ್ನೋದಕ್ಕೂ ಹೀಗೇ ಬಿಡಿಸಿ ನೋಡಿ: ದುಡ್ಡು ಯಾರದ್ದು, ಜಮೀನು ಯಾರದ್ದು, ಇಂಜಿನಿಯರ್ ಯಾರು, ಮಣ್ಣು ಹೊತ್ತವರು ಯಾರು, ಓಡಿಸಿದ್ದು ಯಾರು. ಬೆಂಗಳೂರು–ಮೈಸೂರು ಲೈನಲ್ಲಿ ದುಡ್ಡು ಸಂಸ್ಥಾನದ್ದು, ಮಣ್ಣು ಹೊತ್ತಿದ್ದು ಬರಗಾಲದ ಜನ, ಆಮೇಲೆ ಓಡಿಸೋಕೆ ತಗೊಂಡಿದ್ದು ಸದರ್ನ್ ಮರಾಠಾ ರೈಲ್ವೆ ಅನ್ನೋ ಇಂಗ್ಲಿಷ್ ಕಂಪನಿ. ‘ಬ್ರಿಟಿಷರು ಕಟ್ಟಿದ್ದು’ ಅನ್ನೋ ತಾತ ಸುಳ್ಳು ಹೇಳ್ತಿಲ್ಲ, ಅವರು ನೋಡಿದ್ದು ಟೋಪಿ ಹಾಕಿದ ಅಧಿಕಾರಿನ. ಎರಡನ್ನೂ ಬರೀರಿ, ಕಾಗದ ಏನು ಹೇಳತ್ತೆ, ಊರು ಏನು ನಂಬತ್ತೆ.

ಇನ್ನೊಂದು, ಎಲ್ಲಾ ಬದಲಾವಣೆಗೂ ರೈಲನ್ನೇ ಕಾರಣ ಮಾಡೋ ಚಪಲ ಬರತ್ತೆ. ಸಂತೆ ಬೆಳೀತು ಅಂದ್ರೆ ರೈಲಿಂದ, ಊರು ಸೊರಗಿತು ಅಂದ್ರೆ ರೈಲು ನಿಂತಿದ್ದರಿಂದ. ಬಸ್ಸು ಯಾವಾಗ ಬಂತು, ರಸ್ತೆ ಯಾವಾಗ ಟಾರ್ ಆಯ್ತು ಅಂತ ಕೇಳಿ ನೋಡಿ. ರೈಲು ನಿಲ್ಲೋಕೆ ಎಷ್ಟೋ ವರ್ಷ ಮುಂಚೆನೇ ಜನ ಬಸ್ ಹತ್ತಿದ್ರು ಅಂತ ಗೊತ್ತಾದ್ರೆ ಕಥೆಯೇ ಬೇರೆ ಆಗತ್ತೆ. 1992ರಿಂದ ಲೈನುಗಳನ್ನ ಒಂದೇ ಗೇಜಿಗೆ, ಅಂದ್ರೆ ಬ್ರಾಡ್ ಗೇಜಿಗೆ ತರೋ ಯೂನಿಗೇಜ್ ಯೋಜನೆ ಬಂದಾಗ ಇಂಥ ಸಣ್ಣ ಲೈನುಗಳಲ್ಲಿ ಯಾವುದನ್ನ ಬ್ರಾಡ್ ಮಾಡೋದು, ಯಾವುದನ್ನ ಮುಚ್ಚೋದು ಅನ್ನೋ ಪ್ರಶ್ನೆ ಎಲ್ಲಾ ಕಡೆ ಎದ್ದಿತ್ತು, ಕೋಲಾರ ಲೈನ್ ಉಳ್ಕೊಳ್ತು, ಎಷ್ಟೋ ಲೈನ್ ಉಳೀಲಿಲ್ಲ. ನಿಮ್ಮ ಲೈನಿಗೆ ಆಗ ಯಾರು ಹೋರಾಡಿದ್ರು ಅನ್ನೋದು ಆ ಕಾಲದ ಲೋಕಲ್ ಪೇಪರಲ್ಲಿ ಸಿಗಬಹುದು.

ಹೆಜ್ಜೆ 9: ಬರೆದು ಎಲ್ಲಿ ಇಡೋದು

ಬರಹ ಉದ್ದ ಬೇಕಿಲ್ಲ, ಮೂವತ್ತು ಪುಟ ಸಾಕು, ಒಂದು ನಕ್ಷೆ ಇರಲೇಬೇಕು. ಫೈಲ್ ಹೆಸರಲ್ಲೇ ಊರು, ವರ್ಷ, ವಿಷ್ಯ ಹಾಕಿ, ಫೋನ್ ಕೊಟ್ಟ ನಂಬರ್ ಹಾಗೇ ಬಿಟ್ರೆ ಆರು ತಿಂಗಳಲ್ಲಿ ನಿಮಗೇ ಗೊತ್ತಾಗಲ್ಲ. ನೀವು ತೆಗೆದ ಫೋಟೋ ವಿಕಿಮೀಡಿಯ ಕಾಮನ್ಸಿಗೆ, ಬಿಟ್ಟುಹೋದ ಹಳೇ ಏರಿ ಓಪನ್‌ಸ್ಟ್ರೀಟ್‌ಮ್ಯಾಪಿಗೆ, ಪಿಡಿಎಫ್ ಆರ್ಕೈವ್ ಡಾಟ್ ಆರ್ಗ್‌ಗೆ ಹಾಕಿ. ಬೇರೆಯವರ ಮನೆ ಆಲ್ಬಮ್ಮಿನ ಫೋಟೋ ಅವರನ್ನ ಕೇಳದೇ ಎಲ್ಲೂ ಹಾಕಬೇಡಿ. ಪ್ರಿಂಟ್ ಹಾಕಿಸಿ ಪಂಚಾಯ್ತಿ ಲೈಬ್ರರಿಗೆ ಒಂದು, ಹೈಸ್ಕೂಲಿಗೆ ಒಂದು, ಸ್ಟೇಷನ್ ಮಾಸ್ಟ್ರಿಗೆ ಒಂದು ಕೊಡಿ. ಮಾತಾಡಿದ ಪ್ರತಿಯೊಬ್ಬರ ಮನೆಗೂ ಅವರ ಭಾಗ ಇರೋ ಪುಟದ ಪ್ರತಿ ಮತ್ತೆ ರೆಕಾರ್ಡಿಂಗ್‌ನ ಕಾಪಿ ತಲುಪಿಸಿ, ಮೊಮ್ಮಕ್ಕಳ ಫೋನಿಗೆ ವಾಟ್ಸಾಪಲ್ಲಿ ಕಳಿಸಿದ್ರೂ ನಡಿಯತ್ತೆ, ಅವರು ಓದಿ ‘ಇದು ಹೀಗಲ್ಲ’ ಅಂದಿದ್ದನ್ನ ತಿದ್ದಿ ಆಮೇಲೇ ಹೊರಗೆ ಬಿಡಿ.